ಇಪ್ಪತ್ತೈದು ಪಿನ್ನಿನ ಬೀಗ: ಗದಗಿನ ಒಂದು ಪ್ರೆಸ್ಸಿನ ಕೇಸು

ನಾನು ಹುಬ್ಬಳ್ಳೀಲಿ ಕಂಪ್ಯೂಟರ್ ಸರ್ವಿಸ್ ಮಾಡೋನು, ಊರು ಶಿವಮೊಗ್ಗ ಕಡೆ. ಸುತ್ತಮುತ್ತಲ ಪ್ರೆಸ್ಸುಗಳೇ ನನ್ನ ಮುಖ್ಯ ಗಿರಾಕಿಗಳು. ಗದಗ ಅಂದ್ರೆ ಮುದ್ರಣ ಕಾಶಿ, ಅಲ್ಲಿ ಒಂದು ಬೀದಿಗೆ ಹೋದ್ರೆ ನಾಲ್ಕು ಕಡೆ ಮಷಿನ್ ಸದ್ದು ಕೇಳುತ್ತೆ. ಈ ಕೇಸು ಅಲ್ಲಿನ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ಸಿಂದು. ಪ್ರೆಸ್ಸಿನ ಹೆಸರಾಗ್ಲಿ ಅವರು ಕೊಂಡಿದ್ದ ಕನ್ನಡ ಟೈಪಿಂಗ್ ಪ್ಯಾಕೇಜಿನ ಹೆಸರಾಗ್ಲಿ ಇಲ್ಲಿ ಬರೆಯಲ್ಲ, ಆದ್ರೆ ಏನಾಯ್ತು, ಯಾಕಾಯ್ತು, ಏನು ಮಾಡಿದ್ವಿ ಅನ್ನೋದನ್ನ ಪೂರ್ತಿ ಬರೆದಿಡಬೇಕು ಅಂತ ಬಹಳ ದಿನದಿಂದ ಇತ್ತು, ಯಾಕಂದ್ರೆ ಸಾಫ್ಟ್‌ವೇರ್ ಕಾಪಿ ಆಗದಿರಲಿ ಅಂತ ಕಂಪ್ಯೂಟರಿನ ಹಿಂದೆ ಚುಚ್ಚೋ ಇಂಥ ಬೀಗ ಇಟ್ಕೊಂಡಿರೋ ಪ್ರೆಸ್ಸುಗಳು ಇನ್ನೂ ಇವೆ.

2014ರ ಸೆಪ್ಟೆಂಬರ್. ಸಹಕಾರಿ ಸಂಘಗಳ ವಾರ್ಷಿಕ ಸಭೆಗಳ ತಿಂಗಳು ಅದು, ಪ್ರೆಸ್ಸಿನವರಿಗೆ ಊಟಕ್ಕೂ ಟೈಮ್ ಇರಲ್ಲ, ಒಂದೊಂದು ಸಂಘಕ್ಕೂ ಒಂದೊಂದು ವರದಿ ಪುಸ್ತಕ, ಸದಸ್ಯರ ಕೈಗೆ ಸಭೆಗೆ ಮುಂಚೆ ಮುಟ್ಟಬೇಕು. ಬೆಳಿಗ್ಗೆ ಏಳಕ್ಕೇ ಯಜಮಾನ್ರ ಫೋನು. "ಸರ, ಮಷಿನ್ ಬಂದ್ ಬಿದ್ದೈತ್ರಿ, ಇಪ್ಪತ್ತಕ್ಕ ಮೀಟಿಂಗ್ ಐತಿ ಅವರ್ದು, ಹೆಂಗಾರ ಮಾಡಿ ಇವತ್ತ ಬರ್ರಿ."

ಹೋಗಿ ಕ್ಯಾಬಿನೆಟ್ ಬಿಚ್ಚಿದ್ರೆ ಹಳೇ ಪೆಂಟಿಯಮ್ 4, ಪ್ರೊಸೆಸರ್ ಸುತ್ತ ಇರೋ ಕೆಪಾಸಿಟರುಗಳ ತಲೆ ಊದ್ಕೊಂಡು ಎರಡರ ಮೇಲೆ ಕಂದು ಬಣ್ಣದ ಅಂಟು ಹೊರಗೆ ಬಂದಿತ್ತು. ಆ ಕಾಲದ ಬೋರ್ಡುಗಳಿಗೆ ಬರೋ ಮಾಮೂಲಿ ರೋಗ ಅದು. ಬೋರ್ಡ್ ಹೋಗಿದೆ, ಹಾರ್ಡ್ ಡಿಸ್ಕ್ ಚೆನ್ನಾಗಿದೆ, ಡೇಟಾ ಎಲ್ಲಾ ಸಿಗುತ್ತೆ ಅಂತ ನಾನು ಧೈರ್ಯ ಹೇಳಿದೆ. ಫೋಟೋ ಕೆಲಸಕ್ಕೆ ಅಂತ ಇನ್ನೊಂದು ವಿಂಡೋಸ್ ಎಕ್ಸ್‌ಪಿ ಮಷಿನ್ ಅವರಲ್ಲೇ ಇತ್ತು, ಅದರಲ್ಲಿ ಪುಟ ಜೋಡಿಸೋ ಪೇಜ್‌ಮೇಕರ್ ಸಾಫ್ಟ್‌ವೇರೂ ಇತ್ತು. ಹಳೇ ಡಿಸ್ಕಿನಿಂದ ಫೈಲು, ಫಾಂಟು ಎಲ್ಲಾ ತೆಗೆದು ಅದಕ್ಕೆ ಹಾಕಿ, ವರದಿಯ ಫೈಲು ಓಪನ್ ಮಾಡಿದ್ವಿ, ಪುಟ ಪುಟವೂ ಮೊದಲಿನ ಹಾಗೇ ಬಂತು. ಯಜಮಾನ್ರು ಉಸಿರು ಬಿಟ್ಟರು. ಆಗ ಆಪರೇಟರ್ ಅಕ್ಕಾರು ಕುರ್ಚಿ ಎಳ್ಕೊಂಡು ಕೂತು ತಿದ್ದುಪಡಿ ಶುರು ಮಾಡೋಕೆ ಅಂತ ಕನ್ನಡ ಕೀಬೋರ್ಡ್ ಆನ್ ಮಾಡಿದ್ರೆ, ಪರದೆ ಮೇಲೆ ಒಂದು ಸಣ್ಣ ಡಬ್ಬಿ: ಲಾಕ್ ಸಿಗ್ತಿಲ್ಲ.

ಅಕ್ಕಾರು ಎದ್ದು ಹೋಗಿ ಸತ್ತ ಮಷಿನ್ನಿನ ಹಿಂದೆ ಕೈ ಹಾಕಿ ಅದನ್ನ ತಂದು ನನ್ನ ಅಂಗೈಯಲ್ಲಿ ಇಟ್ಟರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಮಾಸಲು ಬಿಳಿ ಬಣ್ಣದ ಪ್ಲಾಸ್ಟಿಕ್ಕು, ಒಂದು ಕಡೆ 25 ಪಿನ್ನು, ಇನ್ನೊಂದು ಕಡೆ 25 ತೂತು, ಎರಡೂ ಬದಿಗೆ ಸ್ಕ್ರೂ. ಮೇಲಿನ ಸ್ಟಿಕ್ಕರಿನ ಅಕ್ಷರ ಅಳಿಸಿಹೋಗಿ, ಅದರ ಮೇಲೆ ಯಾರೋ ಬಾಲ್‌ಪೆನ್ನಲ್ಲಿ 1999 ಅಂತ ಬರೆದಿದ್ರು, ಕೊಂಡ ವರ್ಷ. ಪ್ರೆಸ್ಸಿನವರು ಅದಕ್ಕೆ ಹೇಳೋದು ಲಾಕ್ ಅಂತ, ಡಾಂಗಲ್ ಅನ್ನೋ ಮಾತು ನಮ್ಮಂಥ ಸರ್ವಿಸಿನವರ ಬಾಯಲ್ಲಿ ಮಾತ್ರ. ಫೋಟೋ ಮಷಿನ್ನಿನ ಹಿಂದೆ ತಿರುಗಿಸಿ ನೋಡಿದೆ. ಯುಎಸ್‌ಬಿ ಆರು ಇವೆ, ಇದನ್ನ ಚುಚ್ಚೋಕೆ ಬೇಕಾದ ಉದ್ದನೆ ಪ್ಯಾರಲಲ್ ಪೋರ್ಟ್, ಅಂದ್ರೆ ಹಳೇ ಪ್ರಿಂಟರ್ ಚುಚ್ಚೋ ಜಾಗ, ಇಲ್ಲ.

ಈ ಲಾಕ್ ಏನು ಮಾಡುತ್ತೆ ಅಂತ ಇಲ್ಲಿ ಹೇಳಿಬಿಡ್ತೀನಿ, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ಫ್ಲಾಪಿಯಾಗ್ಲಿ ಸೀಡಿಯಾಗ್ಲಿ ಕಾಪಿ ಮಾಡೋದು ಸುಲಭ, ಒಂದು ಚಿಪ್ಪನ್ನ ಕಾಪಿ ಮಾಡೋದು ಕಷ್ಟ, ಅದಕ್ಕೆ ಸಾಫ್ಟ್‌ವೇರ್ ಎಷ್ಟು ಕಾಪಿ ಬೇಕಾದ್ರೂ ಆಗ್ಲಿ, ಅದು ಓಡಬೇಕಾದ್ರೆ ಈ ಚಿಪ್ಪು ಮಷಿನ್ನಿಗೆ ಚುಚ್ಚಿರಲೇಬೇಕು ಅನ್ನೋ ಉಪಾಯ. ಇದು ಶುರುವಾಗಿದ್ದು 1980ರಲ್ಲಿ, ಇಂಗ್ಲೆಂಡಿನಲ್ಲಿ, ಕಮೋಡೋರ್ ಪೆಟ್ ಅನ್ನೋ ಕಂಪ್ಯೂಟರಿನ ವರ್ಡ್‌ಕ್ರಾಫ್ಟ್ ಅನ್ನೋ ಟೈಪಿಂಗ್ ಸಾಫ್ಟ್‌ವೇರಿಗೆ, ಅದನ್ನ ಕ್ಯಾಸೆಟ್ ಪ್ಲೇಯರ್ ಚುಚ್ಚೋ ಜಾಗಕ್ಕೆ ಚುಚ್ತಿದ್ರು. ಪಿಸಿ ಬಂದ ಮೇಲೆ ಪ್ರಿಂಟರ್ ಪೋರ್ಟಿಗೆ ಬಂತು. ಆ ಪೋರ್ಟಿನ 25 ತಂತೀಲಿ 8 ಡೇಟಾ ಹೊರಗೆ ಕಳಿಸೋಕೆ, 5 ಪ್ರಿಂಟರಿನ ಸ್ಥಿತಿ ಒಳಗೆ ತರೋಕೆ, 4 ಕಂಟ್ರೋಲಿಗೆ, ಉಳಿದ 8 ಗ್ರೌಂಡು. ಸಾಫ್ಟ್‌ವೇರು ಡೇಟಾ ತಂತಿಗಳ ಮೇಲೆ ಒಂದು ಪ್ರಶ್ನೆ ಕಳಿಸುತ್ತೆ, ಲಾಕಿನೊಳಗಿನ ಚಿಪ್ಪು ಸ್ಟೇಟಸ್ ತಂತಿಯಲ್ಲಿ ಉತ್ತರ ಕೊಡುತ್ತೆ, ಉತ್ತರ ಸರಿ ಇದ್ರೆ ಮುಂದೆ ಹೋಗುತ್ತೆ. ಪ್ರಿಂಟರಿಗೆ ಹೋಗೋ ಡೇಟಾ ಮಾತ್ರ ಏನೂ ಆಗದ ಹಾಗೆ ಹಿಂದಿನ ತೂತಿನಿಂದ ದಾಟಿ ಹೋಗುತ್ತೆ. ಲಾಕಿಗೆ ಬೇರೆ ಕರೆಂಟ್ ಇಲ್ಲ, ಆ ಡೇಟಾ ತಂತಿಗಳಲ್ಲಿ ಹರಿಯೋ ಚೂರುಪಾರು ಕರೆಂಟನ್ನೇ ಕುಡಿದು ಬದುಕುತ್ತೆ. ಈ ಕೊನೇ ಮಾತು ನೆನಪಿಟ್ಕೊಳ್ಳಿ, ಮುಂದೆ ಇದರಿಂದಲೇ ಒಂದಿಡೀ ಮಧ್ಯಾಹ್ನ ಹೋಯ್ತು.

ಸಾಫ್ಟ್‌ವೇರ್ ಕಂಪನಿಗಳು ಸಾಮಾನ್ಯವಾಗಿ ಲಾಕನ್ನ ತಾವೇ ತಯಾರಿಸ್ತಿರಲಿಲ್ಲ. ಇಸ್ರೇಲಿನ ಅಲಾದ್ದೀನ್ ಕಂಪನಿಯ ಹ್ಯಾಸ್ಪ್, ಅಮೆರಿಕದ ರೇನ್‌ಬೋ ಕಂಪನಿಯ ಸೆಂಟಿನೆಲ್, ಇಂಥವರಿಂದ ಲಾಕ್ ಕೊಂಡು ತಮ್ಮ ಸಾಫ್ಟ್‌ವೇರಿಗೆ ಜೋಡಿಸ್ತಿದ್ರು. ಆಮೇಲೆ 2004ರಲ್ಲಿ ರೇನ್‌ಬೋ, 2009ರಲ್ಲಿ ಅಲಾದ್ದೀನ್, ಎರಡೂ ಸೇಫ್‌ನೆಟ್ ಅನ್ನೋ ಒಂದೇ ಕಂಪನಿಗೆ ಸೇರಿದವು, ಈಗ ಅದೆಲ್ಲಾ ಫ್ರಾನ್ಸಿನ ಥೇಲ್ಸ್ ಕಂಪನಿ ಕೈಯಲ್ಲಿದೆ. ಅಂದ್ರೆ ಬೀಗ ಮಾಡಿದವರು ಬೇರೆ, ಬೀಗ ಹಾಕಿದವರು ಬೇರೆ. ನಮ್ಮ ಕೇಸಿನಲ್ಲಿ ಬೀಗ ಹಾಕಿದ ಕಂಪನಿಯ ಬಿಲ್ಲಿನ ಮೇಲಿದ್ದ ಮೂರು ನಂಬರಿಗೂ ಫೋನ್ ಮಾಡಿದ್ವಿ. ಎರಡು ಅಸ್ತಿತ್ವದಲ್ಲಿ ಇಲ್ಲ, ಒಂದು ಯಾವುದೋ ಬಟ್ಟೆ ಅಂಗಡಿಗೆ ಹೋಯ್ತು. ಕೊರಿಯರ್ ವಿಳಾಸಕ್ಕೆ ಬರೆದ ಕಾಗದ ವಾಪಸ್ ಬಂತು.

ಮತ್ತೆ ಪರದೆ ಕಡೆ ಬರೋಣ. ಫೈಲು ಕಾಣ್ತಿದೆ, ಪ್ರಿಂಟೂ ಬರ್ತಿದೆ, ಆದ್ರೆ ಒಂದು ಅಕ್ಷರ ತಿದ್ದೋಕೆ ಆಗ್ತಿಲ್ಲ. ಯಾಕೆ ಅಂದ್ರೆ ಆಗಿನ ಕನ್ನಡ ಪ್ಯಾಕೇಜಲ್ಲಿ ಎರಡು ಭಾಗ. ಒಂದು ಫಾಂಟು, ಅದು ಮಾಮೂಲಿ ಫಾಂಟ್ ಫೈಲು, ಅದಕ್ಕೆ ಬೀಗ ಇರಲಿಲ್ಲ. ಇನ್ನೊಂದು ಕೀಬೋರ್ಡ್ ಪ್ರೋಗ್ರಾಮು, ನೀವು ಕ ಒತ್ತಿ ಆಮೇಲೆ ಇ ಒತ್ತಿದ್ರೆ ಫಾಂಟಿನೊಳಗಿನ ಕಿ ಅನ್ನೋ ತುಂಡನ್ನ ಹುಡುಕಿ ತಂದು ಕೂರಿಸೋದು ಅದರ ಕೆಲಸ, ಬೀಗ ಇದ್ದಿದ್ದು ಅದಕ್ಕೆ. ಅದಿಲ್ಲದೆ ಕೀ ಒತ್ತಿದ್ರೆ ಏನೂ ಬರೋದೇ ಇಲ್ಲ ಅಂತಲ್ಲ, ಫಾಂಟಿನಲ್ಲಿ ಆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಯಾವ ತುಂಡು ಕೂತಿದ್ಯೋ ಅದು ಬರುತ್ತೆ, ತಲಕಟ್ಟಿಲ್ಲದ ಒಂದು ಕ, ಒಂದು ಒಂಟಿ ಕೊಂಬು, ಒಂದು ಒತ್ತು. ಅರ್ಧಕ್ಕಿಂತ ಜಾಸ್ತಿ ತುಂಡುಗಳು ಕೀಬೋರ್ಡಿಗೆ ನೇರವಾಗಿ ಸಿಗದ ಜಾಗದಲ್ಲಿ ಇರ್ತಾವೆ.

ಎರಡನೇ ಪ್ರೂಫಿನಲ್ಲಿ ಸಂಘದ ಕಾರ್ಯದರ್ಶಿ ಕೆಂಪು ಶಾಯೀಲಿ 46 ತಿದ್ದುಪಡಿ ಗುರುತು ಮಾಡಿ ಕೊಟ್ಟಿದ್ರು. ಸಭೆಗೆ ಮೂರು ದಿನ. ಯಜಮಾನ್ರು ಬೇರೆ ಅಂಗಡೀಲಿ ಪೂರ್ತಿ ಹೊಸದಾಗಿ ಟೈಪ್ ಮಾಡಿಸೋದಾ ಅಂತ ಲೆಕ್ಕ ಹಾಕ್ತಿದ್ರು, 64 ಪುಟ, ಅದರಲ್ಲಿ ಇಪ್ಪತ್ತು ಪುಟ ಬರೀ ಜಮಾ ಖರ್ಚಿನ ಕೋಷ್ಟಕ. ನಾನು ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಾಯಿಸೋ ಕೇಬಲ್ ತರೋಕೆ ಹುಬ್ಬಳ್ಳಿಗೆ ಹುಡುಗನನ್ನ ಕಳಿಸಿದೆ. ಅಷ್ಟರಲ್ಲಿ ಅಕ್ಕಾರು ಸುಮ್ನೆ ಕೂರಲಿಲ್ಲ. ಠೇವಣಿ ಅನ್ನೋ ಪದ ಒಂದು ಕಡೆ ಟೇವಣಿ ಆಗಿತ್ತು, ಅವರು ಎರಡು ಪುಟ ಹಿಂದೆ ಹೋಗಿ ಸರಿಯಾಗಿ ಬಂದಿದ್ದ ಠೇವಣಿಯನ್ನ ಮೌಸಲ್ಲಿ ಹಿಡಿದು ಕಾಪಿ ಮಾಡಿ ತಂದು ಇಲ್ಲಿ ಅಂಟಿಸಿದ್ರು. ಆಮೇಲೆ ಇನ್ನೊಂದು. ಆಮೇಲೆ ಇನ್ನೊಂದು. ನಾನು ನೋಡ್ತಾ ನಿಂತಿದ್ದು ಕಂಡು ಹೇಳಿದ್ರು: "ಅಕ್ಷರ ಎಲ್ಲಾ ಇಲ್ಲೇ ಅದಾವಲ್ರೀ ಸರ, ಆರಿಸಿ ಆರಿಸಿ ಇಡೂದು ಅಷ್ಟ. ನಮ್ಮಪ್ಪ ಅಚ್ಚಿನ ಮೊಳಿ ಜೋಡಸ್ತಿದ್ದ್ರು, ನಾ ಸಣ್ಣಾಕಿ ಇದ್ದಾಗ ಕೇಸಿನ ಮುಂದ ನಿಂತು ನೋಡೀನಿ."

ಒಂದು ಕಡೆ ಋಣಭಾರ ಅಂತ ಬರಬೇಕಿತ್ತು, ಇಡೀ ವರದೀಲಿ ಋ ಒಂದೂ ಇಲ್ಲ. ಅಕ್ಕಾರು ಒಂದು ನಿಮಿಷ ಕಣ್ಣು ಮುಚ್ಚಿ ಯೋಚನೆ ಮಾಡಿ, ಮೂರು ವರ್ಷದ ಹಿಂದೆ ಮಾಡಿದ್ದ ಒಂದು ಮಠದ ಜಾತ್ರೆ ಪುಸ್ತಕದ ಫೈಲು ತೆಗೆದು, ಅದರಲ್ಲಿ ಋಷಿ ಅನ್ನೋ ಪದ ಹುಡುಕಿ, ಆ ಒಂದು ಅಕ್ಷರ ತಂದರು. ಆಗ ನನಗೆ ಹೊಳೀತು, ಹೀಗೆ ಹುಡುಕೋ ಬದಲು ವಿಂಡೋಸಿನ ಕ್ಯಾರೆಕ್ಟರ್ ಮ್ಯಾಪಲ್ಲಿ ಈ ಫಾಂಟ್ ತೆಗೆದ್ರೆ ಎಲ್ಲಾ ತುಂಡುಗಳೂ ಒಂದೇ ಕಡೆ ಸಿಗ್ತಾವಲ್ಲ ಅಂತ. ಅವತ್ತು ಸಂಜೆ ಕೂತು ಒಂದೊಂದು ತುಂಡಿನ ಪಕ್ಕ ಅದರ ನಂಬರ್ ಬರೆದು ಒಂದು ಎ4 ಹಾಳೆ ಪ್ರಿಂಟ್ ತೆಗೆದೆ. ಆಲ್ಟ್ ಕೀ ಹಿಡ್ಕೊಂಡು ನಂಬರ್ ಪ್ಯಾಡಲ್ಲಿ ಸೊನ್ನೆ ಸೇರಿಸಿ ಆ ನಂಬರ್ ಒತ್ತಿದ್ರೆ ಆ ತುಂಡು ಬೀಳುತ್ತೆ. ಮೊದಲ ಹತ್ತು ಪದಕ್ಕೆ ಅರ್ಧ ಗಂಟೆ ಹಿಡೀತು, ಆಮೇಲೆ ಅಕ್ಕಾರ ಕೈ ಹರಿದಾಡೋಕೆ ಶುರುವಾಯ್ತು. 46 ತಿದ್ದುಪಡಿಯೂ ಮರುದಿನ ಮಧ್ಯಾಹ್ನದ ಹೊತ್ತಿಗೆ ಮುಗಿದು, ಟ್ರೇಸಿಂಗ್ ಪೇಪರ್ ಮೇಲೆ ಔಟ್‌ಪುಟ್ ತೆಗೆದು ಪ್ಲೇಟಿಗೆ ಕಳಿಸಿದ್ರು. ಪುಸ್ತಕ ಸಭೆಯ ಹಿಂದಿನ ದಿನ ರಾತ್ರಿ ಬೈಂಡಿಂಗ್ ಆಗಿ ಹೋಯ್ತು.

ಇಲ್ಲಿಗೆ ವರದಿ ಕತೆ ಮುಗೀತು, ಪ್ರೆಸ್ಸಿನ ಕತೆ ಮುಗಿಯಲಿಲ್ಲ. ಹದಿನೈದು ವರ್ಷದ ಫೈಲುಗಳು, ಹತ್ತಿರ ಹತ್ತಿರ 1100, ಎಲ್ಲಾ ಇದೇ ಫಾಂಟಲ್ಲಿವೆ. ಪ್ರತಿ ವರ್ಷ ಬರೋ ಗಿರಾಕಿ ಹೋದ ವರ್ಷದ್ದೇ ತೆಗೀರಿ, ತಾರೀಖು ಬದಲಾಯಿಸಿ ಅಂತಾನೆ, ಸಣ್ಣ ಪ್ರೆಸ್ಸು ನಡೆಯೋದೇ ಆ ಹಳೇ ಫೈಲುಗಳ ಮೇಲೆ.

ಇನ್ನು ಲಾಕಿನ ಜೊತೆ ನಡೆದ ಗುದ್ದಾಟ. ಹುಡುಗ ತಂದ ಯುಎಸ್‌ಬಿ ಕೇಬಲ್ ಕೆಲಸ ಮಾಡಲಿಲ್ಲ, ಮಾಡೋದೂ ಇಲ್ಲ, ಅದನ್ನ ತರಿಸಿದ್ದೇ ನನ್ನ ತಪ್ಪು. ನೋಡೋಕೆ 25 ಪಿನ್ನಿನ ಪೋರ್ಟ್ ಥರಾನೇ ಇರುತ್ತೆ, ಆದ್ರೆ ಅದು ನಿಜವಾದ ಪೋರ್ಟ್ ಅಲ್ಲ, ಪ್ರಿಂಟರಿಗೆ ಡೇಟಾ ದಾಟಿಸೋ ಒಂದು ಸೇತುವೆ ಅಷ್ಟೆ, ಲಾಕಿನ ಪ್ರೋಗ್ರಾಮು ಒಂದೊಂದು ತಂತಿಯನ್ನೂ ನೇರವಾಗಿ ಎತ್ತಿ ಇಳಿಸಬೇಕು, ಆ ಸೇತುವೆ ಮೇಲೆ ಅದು ಸಾಧ್ಯ ಇಲ್ಲ. ಎರಡನೇ ದಿನ ಬೋರ್ಡಿನ ಪಿಸಿಐ ಸ್ಲಾಟಿಗೆ ಹಾಕೋ ಪ್ಯಾರಲಲ್ ಪೋರ್ಟಿನ ಕಾರ್ಡ್ ಹಾಕಿದೆ. ಇದು ನಿಜವಾದ ಪೋರ್ಟೇ, ಪ್ರಿಂಟರ್ ಕೆಲಸ ಮಾಡ್ತು, ಲಾಕ್ ಮಾತ್ರ ಸಿಗಲಿಲ್ಲ. ಹಳೇ ಸಾಫ್ಟ್‌ವೇರಿಗೆ ಗೊತ್ತಿರೋದು ಮೂರೇ ವಿಳಾಸ, ಹೆಕ್ಸಾಡೆಸಿಮಲ್ ಲೆಕ್ಕದಲ್ಲಿ 378, 278 ಮತ್ತೆ 3ಬಿಸಿ, ಆ ಕಾಲದ ಎಲ್ಲಾ ಬೋರ್ಡುಗಳಲ್ಲೂ ಪ್ರಿಂಟರ್ ಪೋರ್ಟ್ ಅಲ್ಲೇ ಇರ್ತಿತ್ತು. ಪಿಸಿಐ ಕಾರ್ಡಿಗೆ ಸಿಸ್ಟಮ್ಮೇ ಬೂಟ್ ಆಗೋವಾಗ ಬೇರೆ ಎಲ್ಲೋ ಒಂದು ವಿಳಾಸ ಕೊಡುತ್ತೆ. ಲಾಕ್ ಮನೇಲೇ ಇದೆ, ಆದ್ರೆ ಸಾಫ್ಟ್‌ವೇರು ಹಳೇ ಮನೆ ಬಾಗಿಲು ತಟ್ಟಿ ವಾಪಸ್ ಬರ್ತಿದೆ.

ಇದರ ಮಧ್ಯೆ ಇನ್ನೊಂದು ತೊಡಕು. ಹಳೇ ಮಷಿನ್ನಲ್ಲಿದ್ದಿದ್ದು ವಿಂಡೋಸ್ 98, ಅದರಲ್ಲಿ ಯಾವ ಪ್ರೋಗ್ರಾಮ್ ಬೇಕಾದ್ರೂ ಪೋರ್ಟನ್ನ ನೇರವಾಗಿ ಮುಟ್ಟಬಹುದಿತ್ತು. ಎಕ್ಸ್‌ಪಿ ಅದಕ್ಕೆ ಬಿಡಲ್ಲ, ನಡುವೆ ಡ್ರೈವರ್ ಅನ್ನೋ ಮಧ್ಯವರ್ತಿ ಪ್ರೋಗ್ರಾಮ್ ಬೇಕು. ಪ್ಯಾಕೇಜ್ ಕಂಪನಿ ಇಲ್ಲ, ಆದ್ರೆ ಲಾಕ್ ತಯಾರಿಸಿದ ಕಂಪನಿ ಎಕ್ಸ್‌ಪಿ ಡ್ರೈವರನ್ನ ತಮ್ಮ ಸೈಟಿನಲ್ಲಿ ಫ್ರೀಯಾಗಿ ಇಟ್ಟಿತ್ತು, ಅದು ಸಿಕ್ಕಿತು. ಈ ಒಂದು ವಿಷಯಕ್ಕೆ ನಾನು ಅವರಿಗೆ ಋಣಿ.

ಐದನೇ ದಿನ, ಸಭೆ ಎಲ್ಲಾ ಮುಗಿದ ಮೇಲೆ, ಯಾವುದಾದ್ರೂ ಗುಜರಿ ಬೋರ್ಡ್ ಹುಡುಕೋಣ ಅಂತ ಹೊರಟವನು ಕೊನೇದಾಗಿ ಒಂದ್ಸಲ ಆ ಫೋಟೋ ಮಷಿನ್ನಿನ ಕ್ಯಾಬಿನೆಟ್ ಬಿಚ್ಚಿ ಟಾರ್ಚ್ ಬಿಟ್ಟು ಬೋರ್ಡ್ ನೋಡಿದೆ. ಕೆಳಗಡೆ ಅಂಚಿನಲ್ಲಿ ಎರಡು ಸಾಲು ಪಿನ್ನು, ಪಕ್ಕದಲ್ಲಿ ಎಲ್‌ಪಿಟಿ ಅಂತ ಸಣ್ಣಗೆ ಅಚ್ಚು, ಪ್ರಿಂಟರ್ ಪೋರ್ಟಿಗೆ ಇರೋ ಹೆಸರು ಅದು. ಪೋರ್ಟ್ ಬೋರ್ಡಲ್ಲೇ ಇತ್ತು! ಹಿಂದೆ ಹೊರಗಡೆ ಕನೆಕ್ಟರ್ ಕೊಟ್ಟಿರಲಿಲ್ಲ ಅಷ್ಟೆ. ಆ ಸಮಯದ ಎಷ್ಟೋ ಬೋರ್ಡುಗಳು ಹೀಗೇ ಇರ್ತಾವೆ, ಮೊದಲ ದಿನವೇ ನಾನು ನೋಡಬೇಕಿತ್ತು, ನೋಡಿರಲಿಲ್ಲ. ಪಟ್ಟಿ ಕೇಬಲ್ ಇರೋ ಒಂದು ಬ್ರಾಕೆಟ್ ತಂದು ಹಾಕಿ, ಬಯಾಸಲ್ಲಿ (ಬೋರ್ಡಿನ ಸ್ವಂತ ಸೆಟ್ಟಿಂಗ್ ಪರದೆ) ವಿಳಾಸ 378 ಅಂತ ಇಟ್ಟು, ಲಾಕ್ ಚುಚ್ಚಿ, ಅದರ ಹಿಂದೆ ಹಳೇ ಪ್ರಿಂಟರಿನ ಕೇಬಲ್ ಚುಚ್ಚಿ, ಸ್ಕ್ರೂ ಬಿಗಿ ಮಾಡಿ ಆನ್ ಮಾಡಿದ್ರೆ ಮತ್ತೆ ಅದೇ ಡಬ್ಬಿ. ಲಾಕ್ ಸಿಗ್ತಿಲ್ಲ.

ಡ್ರೈವರ್ ತೆಗೆದು ಹಾಕಿದೆ, ಪೋರ್ಟಿನ ಮೋಡ್ ಇಸಿಪಿ, ಇಪಿಪಿ, ಮಾಮೂಲಿ ಅಂತ ಮೂರೂ ಬದಲಾಯಿಸಿ ನೋಡಿದೆ, ಒಂದು ಪಿನ್ ಸ್ವಲ್ಪ ಬಾಗಿದ ಹಾಗಿತ್ತು, ಚಿಮಟದಲ್ಲಿ ನೆಟ್ಟಗೆ ಮಾಡಿದೆ. ಮೂರು ತಾಸು. ಕೊನೆಗೆ ಅಕ್ಕಾರೇ ಕೇಳಿದ್ರು, "ಪ್ರಿಂಟರ್ ಚಾಲೂ ಮಾಡಿಲ್ಲಲ್ರೀ, ಮೊದ್ಲೂ ಹಿಂಗ ಆಗ್ತಿತ್ತು, ಪ್ರಿಂಟರ್ ಬಂದ್ ಇದ್ರ ಲಾಕ್ ತಗೊಳ್ತಿರ್ಲಿಲ್ಲ." ಹದಿನೈದು ವರ್ಷ ಆ ಲಾಕಿನ ಜೊತೆ ಬಾಳಿದವರ ಮಾತು ಅದು. ಪ್ರಿಂಟರ್ ಆಫ್ ಇದ್ದಾಗ ಅದರ ಒಳಗಿನ ಸರ್ಕ್ಯೂಟು ತಂತಿಗಳಲ್ಲಿನ ಕರೆಂಟನ್ನ ಎಳ್ಕೊಂಡುಬಿಡುತ್ತೆ, ಲಾಕಿಗೆ ಕುಡಿಯೋಕೆ ಏನೂ ಉಳಿಯಲ್ಲ. ಪ್ರಿಂಟರ್ ಆನ್ ಮಾಡಿದ ತಕ್ಷಣ ಕೀಬೋರ್ಡ್ ಬಂತು. ಅಕ್ಕಾರು ಟೈಪ್ ಮಾಡಿದ ಮೊದಲನೇ ಪದ ಗದಗ.

ಈ ಐದು ದಿನದಲ್ಲಿ ಇನ್ನೊಂದು ಮಾತು ನಡೆದಿತ್ತು, ಅದನ್ನ ಬಿಡೋ ಹಾಗಿಲ್ಲ. ಎರಡನೇ ದಿನ ಪಕ್ಕದ ಬೀದಿಯ ಡಿಟಿಪಿ ಅಂಗಡಿಯವರು ಬಂದು ಒಂದು ಸೀಡಿ ಕೊಟ್ಟರು, ಅದೇ ಪ್ಯಾಕೇಜು, ಲಾಕ್ ಕೇಳದ ಹಾಗೆ ಒಡೆದಿದ್ದು. ಅವರಲ್ಲಿ ವರ್ಷಗಟ್ಟಲೆ ಅದೇ ಓಡ್ತಿದೆ, ಒಂದು ದಿನವೂ ತೊಂದರೆ ಇಲ್ಲ. ದುಡ್ಡು ಕೊಡದವರ ಕೆಲಸ ಸರಾಗ, ಆಗಿನ ಕಾಲಕ್ಕೆ ಆಪರೇಟರ್ ಒಬ್ಬರ ಎಷ್ಟೋ ತಿಂಗಳ ಸಂಬಳದಷ್ಟು ದುಡ್ಡು ಕೊಟ್ಟು ಕೊಂಡವರು ಹೀಗೆ ಅಕ್ಷರ ಆರಿಸ್ತಾ ಕೂತಿದ್ದಾರೆ. ನನಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯ್ತು. ಹಾಕಿಬಿಡೋಣ ಅಂತ ನಾನೇ ಹೇಳಿದೆ. ಯಜಮಾನ್ರು ಸೀಡಿ ವಾಪಸ್ ಕೊಟ್ಟರು. "ರೊಕ್ಕಾ ಕೊಟ್ಟ ತಗೊಂಡೇನ್ರೀ, ಬಿಲ್ಲೂ ಐತಿ, ನಾ ಯಾಕ ಕದ್ದ ಮಾಲ್ ಹಾಕ್ಸ್ಲಿ?"

ಆಮೇಲೆ ಕಾನೂನು ಓದಿದೆ. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ, ಸಾಫ್ಟ್‌ವೇರಿನ ಕಾಪಿಯನ್ನ ನ್ಯಾಯವಾಗಿ ಹೊಂದಿರೋನು ಅದನ್ನ ಯಾವ ಉದ್ದೇಶಕ್ಕೆ ಕೊಟ್ಟಿದ್ರೋ ಆ ಉದ್ದೇಶಕ್ಕೆ ಬಳಸೋಕೆ ಕಾಪಿ ಅಥವಾ ಮಾರ್ಪಾಡು ಮಾಡ್ಕೊಳ್ಳೋದು, ನಷ್ಟ ಆಗದ ಹಾಗೆ ಬ್ಯಾಕಪ್ ಇಟ್ಕೊಳ್ಳೋದು ಉಲ್ಲಂಘನೆ ಅಲ್ಲ ಅಂತಿದೆ. 2012ರಲ್ಲಿ ಸೇರಿಸಿದ 65ಎ ಸೆಕ್ಷನ್ನು ಇಂಥ ತಾಂತ್ರಿಕ ಬೀಗ ಒಡೆಯೋದನ್ನ ಅಪರಾಧ ಮಾಡಿದೆ, ಎರಡು ವರ್ಷದವರೆಗೆ ಜೈಲು, ಆದ್ರೆ ಹಕ್ಕು ಉಲ್ಲಂಘಿಸೋ ಉದ್ದೇಶ ಇದ್ದಾಗ ಮಾತ್ರ. ಅದೇ 63ಬಿ ಸೆಕ್ಷನ್ನು, ಕದ್ದ ಕಾಪಿ ಅಂತ ಗೊತ್ತಿದ್ದೂ ಬಳಸಿದ್ರೆ ಕನಿಷ್ಠ ಏಳು ದಿನ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಅಂತ ಹೇಳುತ್ತೆ. ಅಂದ್ರೆ ತನ್ನದೇ ಕಾಪಿಯನ್ನ ಉಳಿಸ್ಕೊಳ್ಳೋದು ಒಂದು, ಪಕ್ಕದ ಅಂಗಡಿಯ ಸೀಡಿ ಹಾಕೋದು ಇನ್ನೊಂದು. ಯಜಮಾನ್ರು ಸೆಕ್ಷನ್ ಓದದೇನೇ ಸರಿಯಾದ ಕಡೆ ನಿಂತಿದ್ರು. ಅಮೆರಿಕದಲ್ಲಿ ಇದೇ ಸಮಸ್ಯೆಗೆ 2003ರಲ್ಲೇ ನಿಯಮ ಮಾಡಿ, ಡಾಂಗಲ್ ಕೆಟ್ಟಿದ್ದು ಬದಲಿ ಸಿಗದೇ ಹೋದ್ರೆ ಬಳಕೆದಾರರು ಅದನ್ನ ದಾಟಬಹುದು ಅಂತ ವಿನಾಯಿತಿ ಕೊಟ್ಟಿದ್ರು, 2006ರಲ್ಲಿ, 2010ರಲ್ಲಿ ಅದನ್ನ ಮುಂದುವರಿಸಿದ್ರು ಕೂಡ. ಬೀಗ ಹಾಕಿದವನು ಬಾಗಿಲಿಗೆ ಬೆನ್ನು ತಿರುಗಿಸಿ ಹೋದಾಗ ಮನೆಯವನು ಬೀಗ ಒಡೆದ್ರೆ ಅದು ಕಳ್ಳತನ ಅಲ್ಲ ಅನ್ನೋದು ನನ್ನ ನಂಬಿಕೆ.

ಕಂಪನಿಗಳ ಕಡೆಯಿಂದಲೂ ನೋಡಬೇಕು. ಕನ್ನಡದ ಒಂದು ಫಾಂಟು ಬರೆಯೋದು ಇಂಗ್ಲಿಷಿನ ಹಾಗೆ 26 ಅಕ್ಷರದ ಕೆಲಸ ಅಲ್ಲ, ಒತ್ತು, ಕೊಂಬು, ದೀರ್ಘ ಎಲ್ಲಾ ಸೇರಿ 200ರ ಹತ್ತಿರ ತುಂಡುಗಳನ್ನ ಒಂದಕ್ಕೊಂದು ಹೊಂದೋ ಹಾಗೆ ಕೂರಿಸಬೇಕು. ಕೊಳ್ಳೋರು ಪ್ರೆಸ್ಸಿನವರು, ಪತ್ರಿಕೆಯವರು, ಸರ್ಕಾರಿ ಆಫೀಸು ಅಷ್ಟೆ. ಒಬ್ಬರು ಕೊಂಡು ಹತ್ತು ಜನ ಕಾಪಿ ಮಾಡಿದ್ರೆ ಆ ಕಂಪನಿ ಮುಂದಿನ ವರ್ಷ ಇರೋದಿಲ್ಲ, ಅವರು ಲಾಕ್ ಹಾಕಿದ್ದು ನನಗೆ ಅರ್ಥ ಆಗುತ್ತೆ. ಆದ್ರೆ ಅದೇ ಕಾಲದಲ್ಲಿ ಕನ್ನಡ ಕೀಲಿಮಣೆ ವಿನ್ಯಾಸ ಮಾಡಿದ ಕೆ.ಪಿ. ರಾವ್ ಅವರು ತಮ್ಮ ಸೇಡಿಯಾಪು ತಂತ್ರಾಂಶವನ್ನ ಎಲ್ಲರಿಗೂ ಸುಮ್ನೆ ಕೊಟ್ಟಿದ್ರು, 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ. ಜನ ಆ ಕಡೆ ಹೋದ್ರು, ಲಾಕ್ ಮಾರ್ತಿದ್ದ ಎಷ್ಟೋ ಕಂಪನಿಗಳು ಅಂಗಡಿ ಮುಚ್ಚಿದ್ವು. ಮುಚ್ಚೋವಾಗ ಕೊಂಡವರಿಗೆಲ್ಲಾ ಲಾಕ್ ಬೇಡದ ಒಂದು ಕೊನೇ ಆವೃತ್ತಿ ಕೊಟ್ಟು ಹೋಗಬಹುದಿತ್ತು, ಅವರಿಗೆ ಅದು ಒಂದು ದಿನದ ಕೆಲಸ. ನಮ್ಮ ಕೇಸಿನ ಕಂಪನಿ ಅದನ್ನ ಮಾಡಲಿಲ್ಲ, ನನ್ನ ಸಿಟ್ಟು ಇರೋದು ಅದಕ್ಕೆ. ಹದಿನೈದು ವರ್ಷ ಆದ ಮೇಲೆ ಆ ಪ್ಯಾಕೇಜನ್ನ ಯಾರೂ ಕದಿಯೋಕೆ ಬರ್ತಿರಲಿಲ್ಲ. ಬೀಗದ ಒಳಗೆ ಉಳಿದಿದ್ದು ಪ್ರೆಸ್ಸಿನವರ ಸ್ವಂತ ಕೆಲಸ ಮಾತ್ರ.

ಲಾಕ್ ಮತ್ತೆ ನಡೆಯೋಕೆ ಶುರುವಾದ ಮೇಲೂ ನಾನು ಯಜಮಾನ್ರಿಗೆ ನೇರವಾಗಿ ಹೇಳಿದೆ, ಇದು ಯಾವತ್ತು ಬೇಕಾದ್ರೂ ಸಾಯುತ್ತೆ, ಅಷ್ಟರೊಳಗೆ ಫೈಲುಗಳನ್ನ ಯುನಿಕೋಡಿಗೆ, ಅಂದ್ರೆ ಎಲ್ಲಾ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ತಂದುಬಿಡಬೇಕು ಅಂತ. ನುಡಿ, ಬರಹದ ಹಳೇ ಫೈಲಿಗಾದ್ರೆ ಪರಿವರ್ತಕಗಳು ಸಿಗ್ತಾವೆ, ಈ ಪ್ಯಾಕೇಜಿನದ್ದಕ್ಕೆ ಇರಲಿಲ್ಲ. ಒಬ್ಬೊಬ್ಬ ಕಂಪನಿಯವರು ಒಂದೊಂದು ಥರ ತುಂಡುಗಳನ್ನ ಜೋಡಿಸಿದ್ರು, ಒಬ್ಬರ ಕ ಇನ್ನೊಬ್ಬರ ಫಾಂಟಲ್ಲಿ ಮ ಆಗುತ್ತೆ. ಅಕ್ಕಾರಿಗೆ ಅಂತ ಮಾಡಿದ್ದ ಆ ಎ4 ಹಾಳೆ ಇತ್ತಲ್ಲ, ಅದೇ ಈಗ ಕೆಲಸಕ್ಕೆ ಬಂತು. ಅದನ್ನೇ ಪಟ್ಟಿ ಮಾಡಿ ಪೈಥಾನಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆದೆ.

ಬರೀ ಇದಕ್ಕೆ ಅದು ಅಂತ ಬದಲಾಯಿಸಿದ್ರೆ ಸಾಲಲ್ಲ. ಅಕ್ಕಿ ಅನ್ನೋ ಪದ ಹಳೇ ಫೈಲಲ್ಲಿ ಅ, ಕಿ, ಆಮೇಲೆ ಕ ಒತ್ತು ಅಂತ ಇರುತ್ತೆ, ಕಣ್ಣಿಗೆ ಕಾಣೋ ಕ್ರಮದಲ್ಲಿ. ಯುನಿಕೋಡಿಗೆ ಬಾಯಲ್ಲಿ ಹೇಳೋ ಕ್ರಮ ಬೇಕು: ಅ, ಕ, ಹಲಂತ, ಕ, ಕೊನೆಗೆ ಇಕಾರ. ಅರ್ಕಾವೊತ್ತು ಇನ್ನೂ ಕಷ್ಟ, ಕರ್ನಾಟಕದಲ್ಲಿ ಅದು ನಾ ಆದಮೇಲೆ ಕೂತಿರುತ್ತೆ, ಅದನ್ನ ಎತ್ತಿ ನ ಗಿಂತ ಮುಂಚೆ ರ ಹಲಂತ ಮಾಡಿ ಇಡಬೇಕು, ನಡುವೆ ಒತ್ತಕ್ಷರ ಇದ್ರೆ ಅದನ್ನೂ ದಾಟಿ ಹಿಂದೆ ಹೋಗಬೇಕು. ಮೊದಲ ಪ್ರಯತ್ನದಲ್ಲಿ ಕಾರ್ಯದರ್ಶಿ ಅನ್ನೋ ಪದವೇ ಚಿಂದಿ ಆಗಿ ಬಂತು. ಇನ್ನೊಂದು ತೊಂದರೆ, ಫೈಲಿನ ನಡುವೆ ಇರೋ ಇಂಗ್ಲಿಷ್ ಪದಗಳು. ಪೇಜ್‌ಮೇಕರಿನಿಂದ ಬರೀ ಟೆಕ್ಸ್ಟ್ ತೆಗೆದ್ರೆ ಯಾವುದು ಕನ್ನಡ ಫಾಂಟಲ್ಲಿತ್ತು ಯಾವುದು ಇಂಗ್ಲಿಷಲ್ಲಿತ್ತು ಅಂತ ಗೊತ್ತಾಗಲ್ಲ, ಇಂಗ್ಲಿಷೂ ಕನ್ನಡದ ಕಸ ಆಗಿಬಿಡುತ್ತೆ. ಫಾಂಟಿನ ಹೆಸರೂ ಜೊತೆಗೆ ಬರೋ ಹಾಗೆ ಆರ್‌ಟಿಎಫಲ್ಲಿ ತೆಗೆದ ಮೇಲೆ ಅದು ಸರಿಹೋಯ್ತು. ಪುಟ ವಿನ್ಯಾಸ ಮಾತ್ರ ಹೊಸದಾಗೇ ಮಾಡಬೇಕು, ಪೇಜ್‌ಮೇಕರಿಗೆ ಯುನಿಕೋಡ್ ಕನ್ನಡ ಬರಲ್ಲ, 2001ರ 7ನೇ ಆವೃತ್ತಿಗೆ ಅದರ ಕತೆ ಮುಗೀತು.

ಪ್ರತಿ ವರ್ಷ ವಾಪಸ್ ಬರೋ ಗಿರಾಕಿಗಳ ಫೈಲು ಮೊದಲು, ಆಮೇಲೆ ಮಠದ ಪುಸ್ತಕಗಳು, ಲಗ್ನಪತ್ರಿಕೆ ಎಲ್ಲಾ ಕೊನೇಲಿ. ಕೆಲಸ ಕಡಿಮೆ ಇರೋ ಮಳೆಗಾಲದಲ್ಲಿ ದಿನಕ್ಕೆ ಮೂರೋ ನಾಲ್ಕೋ. ಹಳೇ ಪ್ರಿಂಟರು ಪ್ರಿಂಟ್ ಮಾಡೋದು ಬಿಟ್ಟು ಎಷ್ಟೋ ದಿನ ಆಗಿದ್ರೂ ಲಾಕಿಗೆ ಕರೆಂಟ್ ಉಳಿಯಲಿ ಅಂತ ಅದನ್ನ ಆನ್ ಮಾಡಿಡ್ತಿದ್ರು, ನಾನು ಹೋದಾಗ ಆ ಕೇಬಲ್ಲೇ ಕಿತ್ತು ಹಾಕಿ ತೋರಿಸಿದೆ, ಕೇಬಲ್ ಇಲ್ಲದಿದ್ರೂ ಲಾಕ್ ನಡೆಯುತ್ತೆ, ಆಫ್ ಆದ ಪ್ರಿಂಟರ್ ಮಾತ್ರ ಅದಕ್ಕೆ ಆಗಿಬರಲ್ಲ.

2018ರಲ್ಲಿ ಒಂದು ಬೆಳಿಗ್ಗೆ ಲಾಕ್ ಸತ್ತಿತ್ತು. ಬೇರೆ ಪೋರ್ಟಲ್ಲೂ ನೋಡಿದೆ. ಬಿಚ್ಚಿದ್ರೆ ಒಳಗೆ ಚಿಪ್ಪಿನ ಸುತ್ತ ಕಲ್ಲಿನ ಹಾಗೆ ಗಟ್ಟಿಯಾದ ಕಪ್ಪು ಎಪಾಕ್ಸಿ ಅಂಟು, ಬೆಸುಗೆ ಮುಟ್ಟೋಕೂ ಜಾಗ ಇಲ್ಲ. ಆ ಹೊತ್ತಿಗೆ 31 ಫೈಲು ಉಳಿದಿದ್ವು, ಅವು ಬರೀ ಲಗ್ನಪತ್ರಿಕೆ, ಕರಪತ್ರ. ಅವನ್ನ ಪಿಡಿಎಫ್ ಮಾಡಿಟ್ವಿ.

ಅಕ್ಕಾರಿಗೆ ಉಳಿದಿದ್ದು ಬೇರೆ ಕಷ್ಟ. ಆ ಪ್ಯಾಕೇಜಿನ ಕೀಲಿಮಣೆ ವಿನ್ಯಾಸ ಅವರ ಬೆರಳಿಗೆ ಹತ್ತಿತ್ತು, ಅದು ಬೇರೆ ಯಾವ ಸಾಫ್ಟ್‌ವೇರಲ್ಲೂ ಇಲ್ಲ. ನಲವತ್ತೆಂಟನೇ ವಯಸ್ಸಲ್ಲಿ ಕೂತು ಕೆ.ಪಿ. ರಾವ್ ವಿನ್ಯಾಸ ಕಲಿತರು, ವೇಗ ಅರ್ಧಕ್ಕೆ ಬಿತ್ತು, ಮೊದಲ ವರ್ಷ ಕಣ್ಣೀರು ಹಾಕಿದ್ದೂ ಉಂಟು. ಈಗ ಸುಮಾರು ಹಿಡಿತಕ್ಕೆ ಬಂದಿದೆ, ಆದ್ರೂ ಅವಸರ ಇದ್ದಾಗ ಬೆರಳು ಹಳೇ ಕೀಗೇ ಹೋಗುತ್ತಂತೆ. ಅದಕ್ಕೆ ಸೆಪ್ಟೆಂಬರಿನ ವರದಿಗಳನ್ನ ಅವರು ಆಗಸ್ಟ್ ಮೊದಲ ವಾರದಲ್ಲೇ ಶುರು ಮಾಡ್ತಾರೆ.